ಅದಮಾರಿನಿಂದ ಅಂಗಾರಕನವರೆಗೆ

ಸೂರ್ಯಾಸ್ತದ ನಂತರ ಪಡುವಣದಲ್ಲಿ ಬೆಳಗುವ ಬೆಳ್ಳಿಚುಕ್ಕೆಯನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಸವದತ್ತಿ ಸೀಮೆಯ ಚಚಡಿಯ ಕಣದಲ್ಲಿ ರಾಶಿ ಕಾಯುವ ರೈತನೂ ಬೆಂಗಳೂರಿನ ಮನೆಯ ಮಾಳಿಗೆಯ ಮೇಲೆ ನಿಂತ ಗೃಹಿಣಿಯೂ ನೋಡುವುದು ಒಂದೇ ಶುಕ್ರನನ್ನು. 1962ರ ಡಿಸೆಂಬರ್ 14ರಂದು ಅಮೆರಿಕೆಯ ‘ಮ್ಯಾರಿನರ್–2’ ಎಂಬ ಯಂತ್ರನೌಕೆ ಆ ಗ್ರಹದ ಮಗ್ಗುಲಲ್ಲಿ ಹಾದುಹೋಯಿತು. ಬೇರೊಂದು ಗ್ರಹದ ಸಮೀಪದಿಂದ ಭೂಮಿಗೆ ವರದಿ ಕಳುಹಿಸಿದ ಮೊದಲ ನೌಕೆ ಅದು. ಆ ವರದಿಯ ಅಂಕಿಗಳನ್ನು ಓದಿ ಅರ್ಥ ಬಿಡಿಸಿದವರಲ್ಲಿ ಮೂವತ್ತರ ಹರೆಯದ ಕನ್ನಡಿಗರೊಬ್ಬರಿದ್ದರು. ಅವರೇ ಉಡುಪಿ ರಾಮಚಂದ್ರ ರಾವ್, ಲೋಕವೆಲ್ಲ ಬಲ್ಲ ಯು. ಆರ್. ರಾವ್.

ಹಳ್ಳಿಯ ಶಾಲೆಯಿಂದ ವಿಶ್ವಕಿರಣಕ್ಕೆ

ಉಡುಪಿಗೆ ಸೇರಿದ ಅದಮಾರು ಗ್ರಾಮದಲ್ಲಿ 1932ರ ಮಾರ್ಚ್ 10ರಂದು ರಾಯರ ಜನನ. ತಂದೆ ಲಕ್ಷ್ಮೀನಾರಾಯಣ ಆಚಾರ್ಯ, ತಾಯಿ ಕೃಷ್ಣವೇಣಿ ಅಮ್ಮ. ಹುಟ್ಟೂರಿನಲ್ಲಿ ಅಕ್ಷರಾಭ್ಯಾಸ, ಉಡುಪಿಯಲ್ಲಿ ಪ್ರೌಢಶಾಲೆ. ಅನಂತರ ಬಳ್ಳಾರಿ, ಅನಂತಪುರ, ಕಾಶಿ ಎಂದು ವಿದ್ಯೆಯನ್ನು ಅರಸುತ್ತ ಊರಿನಿಂದ ಊರಿಗೆ ನಡೆದ ಬಾಲಕ ಕಡೆಗೆ ತಲುಪಿದ್ದು ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯವನ್ನು. ಅಲ್ಲಿ ದೊರೆತ ಗುರು ವಿಕ್ರಮ್ ಸಾರಾಭಾಯಿ, ದೊರೆತ ವಿಷಯ ವಿಶ್ವಕಿರಣ.

ಸೌರವ್ಯೂಹದ ಆಚೆಯಿಂದ ಮಹಾವೇಗದಲ್ಲಿ ಧಾವಿಸಿ ಬರುವ ವಿದ್ಯುತ್ಕಣಗಳಿಗೆ ವಿಶ್ವಕಿರಣಗಳೆಂದು ಹೆಸರು. ಇವುಗಳ ಮಳೆ ಒಂದು ದಿನ ಬಿರುಸು, ಇನ್ನೊಂದು ದಿನ ಮಂದ. ಈ ಏರಿಳಿತಕ್ಕೆ ಕಾರಣವೇನು? ಸೂರ್ಯನಿಂದ ಕಣಗಳ ಪ್ರವಾಹವೊಂದು ಎಡೆಬಿಡದೆ ಹೊಮ್ಮುತ್ತಿರಬೇಕೆಂದು 1958ರಲ್ಲಿ ಯೂಜೀನ್ ಪಾರ್ಕರ್ ಎಂಬ ಅಮೆರಿಕನ್ ವಿಜ್ಞಾನಿ ಲೆಕ್ಕ ಹಾಕಿ ಹೇಳಿದ್ದರು. ಅನೇಕರು ಅದನ್ನು ನಂಬಲಿಲ್ಲ. ಮ್ಯಾರಿನರ್ ನೌಕೆಯು ಶುಕ್ರನ ಕಡೆಗೆ ಸಾಗುವ ದಾರಿಯುದ್ದಕ್ಕೂ ಈ ಸೌರಮಾರುತವನ್ನು ಅಳೆಯಿತು. ಅದರ ವೇಗ ಸೆಕೆಂಡಿಗೆ ಮುನ್ನೂರು ಕಿಲೋಮೀಟರಿಗೂ ಮಿಗಿಲು! ಆಗ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿದ್ದ ರಾಯರು ನೌಕೆಯ ವಿಜ್ಞಾನಿಗಳೊಡನೆ ಸೇರಿ, ಈ ಗಾಳಿಯು ಸತತವಾದುದೆಂದೂ, ಭೂಮಿಯ ಕಾಂತಕ್ಷೇತ್ರದ ಕ್ಷೋಭೆಗೂ ಇದಕ್ಕೂ ನೇರ ಸಂಬಂಧವಿದೆಯೆಂದೂ ತೋರಿಸಿಕೊಟ್ಟರು. ಬಳಿಕ ಟೆಕ್ಸಾಸಿಗೆ ತೆರಳಿ, ಸೂರ್ಯನನ್ನು ಸುತ್ತುವ ‘ಪಯೊನೀರ್’ ನೌಕೆಗಳ ವಿಶ್ವಕಿರಣ ಪ್ರಯೋಗಗಳಲ್ಲಿ ಪ್ರಮುಖ ಪಾತ್ರ ವಹಿಸಿದರು.

ತಗಡಿನ ಚಾವಣಿಯ ಕೆಳಗೆ

ಒಬ್ಬ ಭೌತವಿಜ್ಞಾನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಬೇಕೆ? ಆದರೂ 1966ರಲ್ಲಿ ರಾಯರು ಅಹಮದಾಬಾದಿಗೆ ಮರಳಿದರು. ಆಗ ಭಾರತದ ಬಳಿ ಸ್ವಂತ ಉಪಗ್ರಹವಾಗಲಿ, ಅದನ್ನು ಕಕ್ಷೆಗೆ ಒಯ್ಯುವ ರಾಕೆಟ್ಟಾಗಲಿ ಇರಲಿಲ್ಲ. 1971ರ ಡಿಸೆಂಬರಿನಲ್ಲಿ ಸಾರಾಭಾಯಿಯವರು ಹಠಾತ್ತನೆ ತೀರಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ, ಭಾರತವು ಕಟ್ಟುವ ಉಪಗ್ರಹವನ್ನು ಸೋವಿಯತ್ ಒಕ್ಕೂಟ ಹಾರಿಸಿಕೊಡುವುದೆಂದು ಒಪ್ಪಂದವಾಯಿತು. ಕಟ್ಟುವ ಹೊಣೆ ನಲವತ್ತರ ರಾಯರ ಹೆಗಲೇರಿತು.

ಕಾರ್ಯಾಗಾರಕ್ಕೆ ದೊರೆತ ಜಾಗ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳು. ಕೆಲಸಕ್ಕೆ ಬಂದ ತರುಣರಲ್ಲಿ ಉಪಗ್ರಹವನ್ನು ಕಂಡವರೇ ಇರಲಿಲ್ಲ. ಸ್ಥಳ ಸಾಲದೆ ಒಂದು ಶೌಚಾಲಯವನ್ನೇ ಉಪಗ್ರಹದ ಸಂಕೇತಗಳನ್ನು ಹಿಡಿಯುವ ಕೊಠಡಿಯಾಗಿ ಮಾರ್ಪಡಿಸಿಕೊಂಡ ಸಂಗತಿ ಇಂದು ಐತಿಹ್ಯದಂತೆ ಪ್ರಸಿದ್ಧ. ಮೂರು ವರ್ಷ ತುಂಬುವ ಮೊದಲೇ, 1975ರ ಏಪ್ರಿಲ್ 19ರಂದು, 360 ಕಿಲೋಗ್ರಾಂ ತೂಕದ ‘ಆರ್ಯಭಟ’ ಸೋವಿಯತ್ ನೆಲದಿಂದ ಗಗನಕ್ಕೇರಿತು.

ಸಂತೋಷದ ಬೆನ್ನಿಗೇ ಸಂಕಟವೂ ಬಂತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿ, ಉಪಗ್ರಹದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಕಟ್ಟಿದ ಮನೆ ನಿಂತಿತು. ಯಾವ ದೀಪಕ್ಕಾಗಿ ಕಟ್ಟಿದರೋ ಆ ದೀಪ ಆರಿತು. ಆದರೆ ಉಪಗ್ರಹವನ್ನು ನಿರ್ಮಿಸಿ ನಡೆಸುವ ವಿದ್ಯೆ ಕೈಗೆ ಬಂದಿತ್ತು. ಮುಂದೆ ಭಾಸ್ಕರ, ಆ್ಯಪಲ್, ಇನ್ಸಾಟ್, ಬೇಸಾಯಕ್ಕೂ ಅಂತರ್ಜಲದ ಶೋಧಕ್ಕೂ ನೆರವಾದ ದೂರಸಂವೇದಿ ಉಪಗ್ರಹಗಳು ಈ ಅಡಿಪಾಯದ ಮೇಲೆಯೇ ಎದ್ದವು. ಬಡ ದೇಶಕ್ಕೆ ಆಕಾಶದ ಹಂಬಲವೇಕೆಂದು ಕೇಳುತ್ತಿದ್ದವರಿಗೆ ಇವೇ ಉತ್ತರವಾದವು.

ಸೋಲಿನ ಮೆಟ್ಟಿಲುಗಳು

1984ರಲ್ಲಿ ರಾಯರು ಇಸ್ರೋ ಅಧ್ಯಕ್ಷರಾದರು. ಆ ಪೀಠ ಹೂವಿನ ಹಾಸಿಗೆಯಾಗಿರಲಿಲ್ಲ. 1987ರಲ್ಲಿ ಎ.ಎಸ್.ಎಲ್.ವಿ. ರಾಕೆಟ್ ವಿಫಲವಾಯಿತು, 1988ರಲ್ಲಿ ಮತ್ತೊಮ್ಮೆ. ಅಧ್ಯಕ್ಷರು ಟೀಕೆಗಳನ್ನು ಸಹಿಸಿ, ತಪ್ಪು ಎಲ್ಲಿ ಎಂಬುದನ್ನು ಹುಡುಕಿಸಿದರು. 1992ರಲ್ಲಿ ಅದು ಗೆದ್ದಿತು. ಮರುವರ್ಷ ಪಿ.ಎಸ್.ಎಲ್.ವಿ. ತನ್ನ ಮೊದಲ ಹಾರಾಟದಲ್ಲೇ ಸೋತಿತು. 1994ರ ಅಕ್ಟೋಬರಿನಲ್ಲಿ ಅದು ಯಶಸ್ವಿಯಾದಾಗ ರಾಯರು ಅಧ್ಯಕ್ಷ ಪದವಿಯಿಂದ ನಿವೃತ್ತರಾಗಿದ್ದರು.

ಅಂದು ಸೋತ ಆ ರಾಕೆಟ್ಟಿನ ಕುಲವೇ 2008ರಲ್ಲಿ ಚಂದ್ರಯಾನವನ್ನೂ 2013ರ ನವೆಂಬರ್ 5ರಂದು ಮಂಗಳಯಾನವನ್ನೂ ಹೊತ್ತು ನಡೆಯಿತು. ಮಂಗಳನತ್ತ ಒಮ್ಮೆಗೇ ಎಸೆಯುವಷ್ಟು ಬಲ ಆ ರಾಕೆಟ್ಟಿಗಿರಲಿಲ್ಲ. ಆದ್ದರಿಂದ ನೌಕೆಯು ಭೂಮಿಯನ್ನೇ ಸುತ್ತುತ್ತ, ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡು ಹೊರಟಿತು. ಸುಮಾರು ಮುನ್ನೂರು ದಿನ ತಣ್ಣಗೆ ಮಲಗಿದ್ದ ಮುಖ್ಯ ಎಂಜಿನ್ ಅಂಗಾರಕನ ಬಾಗಿಲಲ್ಲಿ ಮತ್ತೆ ಹೊತ್ತಿಕೊಳ್ಳಬೇಕಿತ್ತು. ಹೊತ್ತದಿದ್ದರೆ ನೌಕೆ ಶೂನ್ಯದ ಪಾಲು. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಎಂಜಿನ್ ಹೊತ್ತಿತು. ನೌಕೆ ಗ್ರಹದ ಹಿಂದೆ ಮರೆಯಾಗಿ ಮತ್ತೆ ಪ್ರಕಟವಾಯಿತು. ಆ ಸುದ್ದಿಯನ್ನು ಕಾದು ಕುಳಿತ ನಿಯಂತ್ರಣ ಕೇಂದ್ರವಿದ್ದುದು ಅದೇ ಪೀಣ್ಯದಲ್ಲಿ. ಮಂಗಳನ ಚಿತ್ರಗಳನ್ನು ಕಳುಹಿಸಿದ ಬಣ್ಣದ ಕ್ಯಾಮೆರಾ ಸಿದ್ಧವಾದುದು ಅಹಮದಾಬಾದಿನಲ್ಲಿ, ಹಾಸನ ಜಿಲ್ಲೆಯ ಆಲೂರಿನವರಾದ ಎ. ಎಸ್. ಕಿರಣ್ ಕುಮಾರ್ ನಿರ್ದೇಶಕರಾಗಿದ್ದ ಕೇಂದ್ರದಲ್ಲಿ. 2015ರಲ್ಲಿ ಅವರೂ ಇಸ್ರೋ ಅಧ್ಯಕ್ಷರಾದರು.

ಮರಳಿ ಸೂರ್ಯನೆಡೆಗೆ

ನಿವೃತ್ತಿಯ ಬಳಿಕವೂ ರಾಯರಿಗೆ ಬಿಡುವಿರಲಿಲ್ಲ. ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಗೆ ಅವರೇ ಅಧ್ಯಕ್ಷರು. ಸೂರ್ಯನನ್ನು ನೋಡಲೆಂದು ಭೂಮಿಯ ಸಮೀಪದ ಕಕ್ಷೆಗೆ ಪುಟ್ಟ ಉಪಗ್ರಹವೊಂದನ್ನು ಕಳುಹಿಸುವ ಆಲೋಚನೆ ನಡೆದಿದ್ದಾಗ, ಅದನ್ನು 15 ಲಕ್ಷ ಕಿಲೋಮೀಟರ್ ದೂರದ ಬಿಂದುವಿನಲ್ಲಿ ನಿಲ್ಲಿಸಬೇಕೆಂದು ಅವರು ಒತ್ತಾಯಿಸಿದರು. ಅಲ್ಲಿಂದಾದರೆ ಗ್ರಹಣದ ಅಡ್ಡಿಯಿಲ್ಲದೆ ಸೂರ್ಯನನ್ನು ಸದಾ ದಿಟ್ಟಿಸಬಹುದು. ಸೌರಮಾರುತವನ್ನು ಅದು ಬೀಸುವ ಬಯಲಿನಲ್ಲೇ ನಿಂತು ಅಳೆಯಬಹುದು.

2017ರಲ್ಲಿ ಪದ್ಮವಿಭೂಷಣ ಸಂದಿತು. ಅದೇ ವರ್ಷ ಜುಲೈ 24ರಂದು ಬೆಂಗಳೂರಿನಲ್ಲಿ ರಾಯರು ಕಣ್ಮುಚ್ಚಿದರು. ಅವರು ಕಟ್ಟಿ ಬೆಳೆಸಿದ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರದೇ ಹೆಸರಿಡಲಾಯಿತು. ‘ಆದಿತ್ಯ–ಎಲ್1’ 2023ರ ಸೆಪ್ಟೆಂಬರ್ 2ರಂದು ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲೇ ಹೊರಟು, 2024ರ ಜನವರಿ 6ರಂದು ತನ್ನ ನೆಲೆ ಸೇರಿತು. ಅದರಲ್ಲಿ ಸೌರಮಾರುತದ ಕಣಗಳನ್ನು ಎಣಿಸುವ ಒಂದು ಉಪಕರಣವಿದೆ. ಅದನ್ನು ನಿರ್ಮಿಸಿದ್ದು, ರಾಯರು ಶಿಷ್ಯರಾಗಿ ಹೊಕ್ಕ ಅಹಮದಾಬಾದಿನ ಆ ಸಂಶೋಧನಾಲಯವೇ.