ಪವರ್ ಸ್ಟೇರಿಂಗ್ ಪಂಪ್: ಮನೆಯಂಗಳದಲ್ಲೇ ಬದಲಾಯಿಸುವುದು ಹೇಗೆ?

ತಾಳವಾಡಿ ಕಡೆಯ ರೈತರು ಸತ್ಯಮಂಗಲಕ್ಕೋ ಜಿಲ್ಲಾ ಕೇಂದ್ರವಾದ ಈರೋಡಿಗೋ ಹೋಗಬೇಕಾದರೆ ದಿಂಬಂ ಘಾಟಿ ಇಳಿಯಲೇಬೇಕು. ದಿಂಬಂನಿಂದ ಬಣ್ಣಾರಿವರೆಗೆ 27 ಹೇರ್‌ಪಿನ್ ತಿರುವುಗಳು. ವಯನಾಡಿನವರಿಗೆ ತಾಮರಶ್ಶೇರಿಯ 9 ತಿರುವುಗಳು, ನೀಲಗಿರಿಯವರಿಗೆ ಕಲ್ಹಟ್ಟಿಯ 36 ತಿರುವುಗಳು. ಒಟ್ಟಿನಲ್ಲಿ ಗಡಿನಾಡಿನ ಬೆಟ್ಟದ ಊರುಗಳಲ್ಲಿ ಕಾರು, ಜೀಪು ಇಟ್ಟುಕೊಂಡವರಿಗೆ ಎಂಜಿನ್‌ನಷ್ಟೇ ಮುಖ್ಯವಾದದ್ದು ಸ್ಟೇರಿಂಗ್. ಹೀಗಿರುವಾಗ ತರಕಾರಿ ಮೂಟೆ ಹೇರಿಕೊಂಡು ಹೊರಟ ಹಳೆಯ ಬೊಲೆರೊ ಒಂದು ತಿರುವಿನಲ್ಲಿ ‘ಗುಂಯ್’ ಎಂದು ನರಳಿ, ಮುಂದಿನ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಿನಂತೆ ಭಾರವಾದರೆ ಚಾಲಕನ ಗತಿ ಏನು? ಹಿಂದೆ ಲಾರಿ, ಪಕ್ಕದಲ್ಲಿ ಪ್ರಪಾತ, ಹೊತ್ತು ಇಳಿದರೆ ಆನೆ ಕಾಟ.

ಮೊದಲಿಗೆ ಸಮಾಧಾನದ ಮಾತು. ಪವರ್ ಸ್ಟೇರಿಂಗ್ ಪಂಪ್ ಕೆಟ್ಟರೂ ವಾಹನದ ಚಕ್ರ ತಿರುಗುವುದು ನಿಲ್ಲುವುದಿಲ್ಲ. ಸ್ಟೇರಿಂಗ್‌ನಿಂದ ಚಕ್ರದವರೆಗೆ ಕಬ್ಬಿಣದ ನೇರ ಸಂಪರ್ಕ ಇದ್ದೇ ಇರುತ್ತದೆ. ಪಂಪ್ ಕೊಡುತ್ತಿದ್ದ ಸಹಾಯ ಮಾತ್ರ ತಪ್ಪುತ್ತದೆ, ಎರಡೂ ಕೈಯಲ್ಲಿ ಬಲ ಹಾಕಿ ತಿರುಗಿಸಬೇಕಾಗುತ್ತದೆ. ಇದು ತಿಳಿಯದವರು ಗಾಬರಿಯಿಂದ ಸ್ಟೇರಿಂಗ್ ಕೈಬಿಡುವುದೇ ನಿಜವಾದ ಅಪಾಯ.

ಇನ್ನೊಂದು ಅಪಾಯವನ್ನು ನಮ್ಮವರೇ ಕರೆದು ಕೂರಿಸಿಕೊಳ್ಳುತ್ತಾರೆ. ಡೀಸೆಲ್ ಉಳಿಸಲೆಂದು ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ಹಲವರಿಗಿದೆ. ಎಂಜಿನ್ ನಿಂತ ಕೂಡಲೇ ಪಂಪ್ ಕೂಡ ನಿಲ್ಲುತ್ತದೆ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಖಾಲಿಯಾಗುತ್ತದೆ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದರಂತೂ ಸ್ಟೇರಿಂಗ್ ಲಾಕ್ ಆಗಿಬಿಡಬಹುದು. ಅರ್ಧ ಲೀಟರ್ ಡೀಸೆಲ್ ಆಸೆಗೆ ಇಷ್ಟು ದೊಡ್ಡ ಪಣ ಒಡ್ಡುವುದು ಜಾಣತನವಲ್ಲ.

ಪಂಪ್ ಮಾಡುವ ಕೆಲಸವೇನು?

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಎಂಬಾತ 1926ರಲ್ಲೇ ಕಾರಿಗೆ ಇಂತಹ ವ್ಯವಸ್ಥೆ ಅಳವಡಿಸಿ ತೋರಿಸಿದ್ದ. ಆದರೆ ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಮಾದರಿಯಲ್ಲಿ. ಮೂಲ ತತ್ವ ಇಂದಿಗೂ ಅದೇ. ಎಂಜಿನ್‌ನ ಬೆಲ್ಟ್ ಒಂದು ಚಿಕ್ಕ ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗಿನ ಉಕ್ಕಿನ ಸಣ್ಣ ಪಟ್ಟಿಗಳು ಡಬ್ಬಿಯಿಂದ ಆಯಿಲ್ ಎಳೆದು ಸ್ಟೇರಿಂಗ್ ಬಾಕ್ಸಿಗೆ ದೂಡುತ್ತವೆ. ಚಾಲಕ ತಿರುಗಿಸಿದ ದಿಕ್ಕಿಗೆ ಆ ಆಯಿಲ್ ಬಲ ಕೊಟ್ಟು, ಇನ್ನೊಂದು ಪೈಪಿನ ಮೂಲಕ ಡಬ್ಬಿಗೆ ವಾಪಸಾಗುತ್ತದೆ. ಕಾರಿನ ಟಯರಿನಲ್ಲಿ ಇರುವುದು ಸುಮಾರು 30 ಪಿಎಸ್‌ಐ ಒತ್ತಡ. ಸ್ಟೇರಿಂಗನ್ನು ಒಂದು ಬದಿಯ ಕೊನೆಯವರೆಗೆ ತಿರುಗಿಸಿ ಹಿಡಿದಾಗ ಈ ಪಂಪ್ ಹುಟ್ಟಿಸುವ ಒತ್ತಡ 1,000 ಪಿಎಸ್‌ಐ ಮೀರುತ್ತದೆ. ಎಂಜಿನ್ ಓಡುತ್ತಿರುವಾಗ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬಾರದು ಎನ್ನುವುದು ಇದೇ ಕಾರಣಕ್ಕೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೇ ಹೋಗಬಲ್ಲದು.

ಎಲ್ಲಾ ವಾಹನಗಳಲ್ಲೂ ಈ ಪಂಪ್ ಇರುವುದಿಲ್ಲ. ಈಚಿನ ಹೆಚ್ಚಿನ ಕಾರುಗಳಲ್ಲಿರುವುದು ವಿದ್ಯುತ್ ಮೋಟಾರಿನ ಸ್ಟೇರಿಂಗ್. ಅದರಲ್ಲಿ ಪಂಪೂ ಇಲ್ಲ, ಆಯಿಲೂ ಇಲ್ಲ. ಬಾನೆಟ್ ತೆಗೆದಾಗ ಸ್ಟೇರಿಂಗ್ ಚಿತ್ರವಿರುವ ಅಥವಾ ‘ಪವರ್ ಸ್ಟೇರಿಂಗ್’ ಎಂದು ಬರೆದಿರುವ ಮುಚ್ಚಳದ ಡಬ್ಬಿ ಕಂಡರೆ ಮಾತ್ರ ಈ ಲೇಖನ ನಿಮ್ಮ ವಾಹನಕ್ಕೆ ಅನ್ವಯಿಸುತ್ತದೆ. ಬೊಲೆರೊ, ಸುಮೊ, ಕ್ವಾಲಿಸ್, ಮೊದಲಿನ ಸ್ಯಾಂಟ್ರೊ ಮುಂತಾದವುಗಳಲ್ಲಿ ಪವರ್ ಸ್ಟೇರಿಂಗ್ ಇದ್ದ ಮಾದರಿಗಳು ಈ ಗುಂಪಿಗೆ ಸೇರುತ್ತವೆ.

ತಪ್ಪು ನಿಜವಾಗಿಯೂ ಪಂಪಿನದ್ದೇ?

ಸ್ಟೇರಿಂಗ್ ಭಾರವಾಯಿತು ಎಂದೊಡನೆ ‘ಪಂಪ್ ಹೋಗಿದೆ’ ಎಂದು ತೀರ್ಪು ಕೊಡುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಸಾವಿರಾರು ರೂಪಾಯಿ ಸುರಿದು ಹೊಸ ಪಂಪ್ ಹಾಕಿಸಿದ ಮೇಲೂ ಸ್ಟೇರಿಂಗ್ ಹಾಗೆಯೇ ಉಳಿದ ಉದಾಹರಣೆಗಳಿಗೆ ಬರವಿಲ್ಲ. ಪಂಪ್ ಬದಲಾಯಿಸುವುದಕ್ಕಿಂತ ಕಷ್ಟದ ಕೆಲಸ, ಹಾಗೂ ಖರ್ಚಿಲ್ಲದ ಕೆಲಸ, ಈ ಪರೀಕ್ಷೆಯೇ.

ಮುಂದಿನ ಟಯರುಗಳ ಗಾಳಿ ನೋಡಿ. ಡಬ್ಬಿಯ ಆಯಿಲ್ ಮಟ್ಟ ನೋಡಿ. ಬೆಲ್ಟ್ ಸಡಿಲವಾಗಿದ್ದರೆ ತಿರುಗಿಸುವಾಗ ‘ಕೀಚ್’ ಎಂಬ ಕೀರಲು ಸದ್ದು ಬರುತ್ತದೆ, ಬಿಗಿ ಮಾಡಿದರೆ ಅಲ್ಲಿಗೆ ಮುಗಿಯಿತು. ‘ಗುಂಯ್’ ಎಂಬ ನರಳಿಕೆಯ ಜೊತೆಗೆ ಡಬ್ಬಿಯ ಆಯಿಲಿನಲ್ಲಿ ನೊರೆ ಕಂಡರೆ, ಡಬ್ಬಿಯಿಂದ ಪಂಪಿಗೆ ಬರುವ ರಬ್ಬರ್ ಹೋಸ್ ಬಿರುಕು ಬಿಟ್ಟು ಅಥವಾ ಅದರ ಕ್ಲಿಪ್ ಸಡಿಲವಾಗಿ ಗಾಳಿ ಎಳೆಯುತ್ತಿರಬಹುದು. ನೂರಿನ್ನೂರು ರೂಪಾಯಿಯ ಹೋಸಿನಲ್ಲಿ ಮುಗಿಯುವ ಕೆಲಸ ಅದು.

ಒಂದೇ ಬದಿಗೆ ಭಾರ, ಇನ್ನೊಂದು ಬದಿಗೆ ಹಗುರ ಎಂದಾದರೆ ಪಂಪಿನ ಮೇಲೆ ಗೂಬೆ ಕೂರಿಸಬೇಡಿ. ಪಂಪ್ ಎರಡೂ ಬದಿಗೆ ಒಂದೇ ಆಯಿಲನ್ನು ಕೊಡುತ್ತದೆ, ಹಂಚುವ ಕೆಲಸ ಸ್ಟೇರಿಂಗ್ ಬಾಕ್ಸಿನದ್ದು. ಇನ್ನು ಎಂಜಿನ್ ಆಫ್ ಮಾಡಿ, ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲಿಟ್ಟು ಸ್ಟೇರಿಂಗ್ ತಿರುಗಿಸಿ ನೋಡಬೇಕು. ಆಗಲೂ ಅಲ್ಲಲ್ಲಿ ಹಿಡಿದಂತಾದರೆ ಬಾಲ್ ಜಾಯಿಂಟ್, ಸ್ಟೇರಿಂಗ್ ಜಾಯಿಂಟ್ ಅಥವಾ ಬಾಕ್ಸ್ ತುಕ್ಕು ಹಿಡಿದಿದೆ ಎಂದರ್ಥ. ಇವುಗಳ ರಿಪೇರಿ ಮನೆಯಲ್ಲಿ ಮಾಡುವಂಥದ್ದಲ್ಲ. ಗ್ಯಾರೇಜಿಗೆ ಒಯ್ಯುವುದೇ ಸರಿ.

ಹಾಗಾದರೆ ಪಂಪಿನ ಲಕ್ಷಣಗಳಾವುವು? ಆಯಿಲ್ ಸರಿಯಿದ್ದು, ಬೆಲ್ಟ್ ಬಿಗಿಯಿದ್ದು, ಎಂಜಿನ್ ನಿಧಾನವಾಗಿ ಓಡುವಾಗ ಎರಡೂ ಬದಿಗೆ ಭಾರ, ಆಕ್ಸಿಲರೇಟರ್ ಕೊಟ್ಟರೆ ಸ್ವಲ್ಪ ಹಗುರ, ಪುಲ್ಲಿಯ ಹಿಂದೆ ಆಯಿಲ್ ಜಿನುಗು, ಪುಲ್ಲಿ ಅಲುಗಾಡುವುದು, ಆಯಿಲಿನಲ್ಲಿ ಮಿನುಗುವ ಲೋಹದ ಪುಡಿ. ಪುಲ್ಲಿಯ ಹಿಂದೆ ಬರೇ ಜಿನುಗು ಮಾತ್ರ ಇದ್ದು ಸದ್ದು ಇಲ್ಲವಾದರೆ ಸೀಲ್ ಬದಲಿಸಿದರೂ ಸಾಕಾಗಬಹುದು. ಪುಡಿ ಕಂಡ ಪಂಪಿಗೆ ಮಾತ್ರ ಹೊಸದೇ ಗತಿ.

ಅಂಗಡಿಯಲ್ಲಿ

ಪಂಪ್ ಬಿಚ್ಚಿದ ಮೇಲೆ ವಾಹನ ಅಂಗಳ ಬಿಟ್ಟು ಕದಲುವುದಿಲ್ಲ. ಬಿಡಿಭಾಗದ ಅಂಗಡಿ ಗಂಟೆಗಟ್ಟಲೆ ದೂರದಲ್ಲಿರುವ ಊರುಗಳವರು ಮೊದಲೇ ಎಲ್ಲವನ್ನೂ ತಂದಿಟ್ಟುಕೊಳ್ಳಬೇಕು: ಪಂಪ್, ಹೊಸ ತಾಮ್ರದ ವಾಷರ್ ಅಥವಾ ಓ-ರಿಂಗ್, ಹೋಸ್ ಕ್ಲಿಪ್, ಬೇಕಿದ್ದರೆ ಬೆಲ್ಟ್, ಎರಡು ಮೂರು ಲೀಟರ್ ಆಯಿಲ್. ತಾಳವಾಡಿಯವರು ಸತ್ಯಮಂಗಲದ ಅಂಗಡಿಯಲ್ಲಿ ತಮಿಳಿನಲ್ಲೂ ಚಾಮರಾಜನಗರದಲ್ಲಿ ಕನ್ನಡದಲ್ಲೂ ಕೇಳಬಹುದು, ವಾಷರಿನ ಹೆಸರು ಮಾತ್ರ ಎರಡೂ ಕಡೆ ವಾಷರೇ. ಗಾಡಿಯ ಚಾಸಿಸ್ ನಂಬರ್ ಬರೆದುಕೊಂಡು ಹೋದರೆ ಸರಿಯಾದ ಪಂಪ್ ಸಿಗುತ್ತದೆ. ಒಂದೇ ಹೆಸರಿನ ಗಾಡಿಗೂ ವರ್ಷಕ್ಕೊಂದು ಬಗೆಯ ಪಂಪ್ ಇರುವುದುಂಟು. ಬೋಲ್ಟ್ ತೂತುಗಳು, ಪೈಪ್ ಕೂರುವ ಜಾಗ, ಪುಲ್ಲಿಯ ಗೆರೆಗಳ ಸಂಖ್ಯೆ ಇವನ್ನು ಹಳೆಯದರ ಫೋಟೊ ಜೊತೆ ಹೋಲಿಸಿ ನೋಡಬೇಕು. ಬಿಲ್ಲು ಕೇಳಿ ಪಡೆಯಿರಿ. ಗಡಿಯಾಚೆ ಕೊಂಡ ವಸ್ತುವಿಗೆ ಬಿಲ್ಲಿಲ್ಲದೆ ವಾಪಸು ಹೋದರೆ ಯಾರೂ ಮುಖ ಕೊಡುವುದಿಲ್ಲ.

ಆಯಿಲ್ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಬೇಕು. ಹಲವು ಗಾಡಿಗಳಿಗೆ ಎಟಿಎಫ್ ಎಂಬ ಕೆಂಪು ಆಯಿಲ್, ಕೆಲವಕ್ಕೆ ಕಂಪನಿ ಹೇಳಿದ ಬೇರೆ ಆಯಿಲ್. ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಬರೆದಿರುವುದನ್ನೇ ಹಾಕಬೇಕು. ‘ಎಲ್ಲಾ ಒಂದೇ’ ಎಂದು ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಪವರ್ ಸ್ಟೇರಿಂಗ್ ಆಯಿಲನ್ನು ಬ್ರೇಕ್ ಡಬ್ಬಿಗೆ ಸುರಿದರೆ ಬ್ರೇಕೇ ಹೋಗುತ್ತದೆ.

ಬಿಚ್ಚುವುದು, ಕೂರಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಸೈಲೆನ್ಸರ್ ಪೈಪ್ ಕಾದಿರುವಾಗ ಅದರ ಮೇಲೆ ಈ ಆಯಿಲ್ ಬಿದ್ದರೆ ಬೆಂಕಿ ಹತ್ತಬಹುದು. ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ, ಬ್ಯಾಟರಿಯ ಮೈನಸ್ ವಯರ್ ತೆಗೆಯಿರಿ. ಕೆಳಗೆ ನುಸುಳಬೇಕಾದರೆ ಜಾಕ್ ಸ್ಟ್ಯಾಂಡ್ ಕಡ್ಡಾಯ. ಬರೇ ಜಾಕ್ ನಂಬಿ ಕೆಳಗೆ ಹೋಗಬಾರದು. ಕಾಸರಗೋಡು ಕಡೆ ಮುರಕಲ್ಲು, ಬಯಲುಸೀಮೆ ಕಡೆ ಇಟ್ಟಿಗೆ ಜೋಡಿಸಿ ಗಾಡಿ ನಿಲ್ಲಿಸುವುದು ಕಾಣಸಿಗುತ್ತದೆ. ಅವೆರಡೂ ಸುಳಿವು ಕೊಡದೆ ಪುಡಿಯಾಗುವಂಥವು.

ಬೆಲ್ಟ್ ಸಾಗುವ ದಾರಿಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಬೆಲ್ಟ್ ಸಡಿಲಿಸಿ ತೆಗೆಯಬೇಕು. ಸೂಜಿಯಿಲ್ಲದ ದೊಡ್ಡ ಸಿರಿಂಜ್‌ನಿಂದ ಡಬ್ಬಿಯ ಆಯಿಲ್ ಎಳೆದು ಹಾಕಿ, ಕೆಳಗೆ ಟ್ರೇ ಇಟ್ಟು ರಬ್ಬರ್ ಹೋಸ್ ಕಳಚಬೇಕು. ಆಮೇಲೆ ಒತ್ತಡದ ಪೈಪು. ಇದು ಹೆಚ್ಚಾಗಿ ನಡುವೆ ತೂತಿರುವ ಬೋಲ್ಟ್ ಮತ್ತು ಎರಡು ತಾಮ್ರದ ವಾಷರುಗಳ ಜೋಡಣೆ. ಹಳೆಯ ವಾಷರನ್ನು ಮತ್ತೆ ಹಾಕುವುದು ಸೋರಿಕೆಗೆ ಆಹ್ವಾನ. ಬಿಚ್ಚಿದ ಪೈಪುಗಳ ಬಾಯಿಗೆ ಶುದ್ಧ ಬಟ್ಟೆಯೋ ಪ್ಲಾಸ್ಟಿಕ್ಕೋ ಕಟ್ಟಿಬಿಡಿ; ಒಂದು ಮರಳಿನ ಕಣ ಸಾಕು ಹೊಸ ಪಂಪನ್ನು ಕೆಡಿಸಲು. ಪಂಪ್ ಹಿಡಿದಿರುವ ಬೋಲ್ಟುಗಳು ಬಿಚ್ಚಿದರೆ ಪಂಪ್ ಕೈಗೆ ಬರುತ್ತದೆ. ಕೆಲವು ಗಾಡಿಗಳಲ್ಲಿ ಅದು ಎಂಜಿನ್ನಿನ ಸಂದಿಯಲ್ಲಿ ಎಷ್ಟು ಒಳಗೆ ಅಡಗಿರುತ್ತದೆಂದರೆ ಬೇರೆ ಭಾಗಗಳನ್ನೇ ಇಳಿಸಬೇಕಾಗುತ್ತದೆ. ಅಂಥಲ್ಲಿ ಹಟ ಮಾಡದೆ ಮೆಕ್ಯಾನಿಕ್‌ಗೆ ಬಿಡುವುದು ಲೇಸು.

ಪುಲ್ಲಿಯನ್ನು ಹಳೆಯ ಪಂಪಿನಿಂದ ಹೊಸದಕ್ಕೆ ವರ್ಗಾಯಿಸಬೇಕಾಗಿ ಬಂದರೆ ಎಚ್ಚರ. ನಟ್ಟಿನಲ್ಲಿ ಕೂತ ಪುಲ್ಲಿ ಸುಲಭ. ಒತ್ತಿ ಕೂರಿಸಿದ ಪುಲ್ಲಿಗೆ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಆ ಪೆಟ್ಟು ಪಂಪಿನ ಒಳಗಿನ ಬೇರಿಂಗಿಗೇ ಬೀಳುತ್ತದೆ. ಹತ್ತಿರದ ಲೇತ್ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಹೊಸ ಪಂಪ್ ಕೂರಿಸುವ ಮುನ್ನ ಅದರ ಒಳಕ್ಕೆ ಸ್ವಲ್ಪ ಆಯಿಲ್ ಹೊಯ್ದು ಕೈಯಿಂದ ಕೆಲವು ಸುತ್ತು ತಿರುಗಿಸಬೇಕು. ಹಳೆಯ ಆಯಿಲಿನಲ್ಲಿ ಲೋಹದ ಪುಡಿ ಇದ್ದರೆ ಡಬ್ಬಿಯನ್ನು ತೊಳೆಯುವುದು ಮಾತ್ರವಲ್ಲ, ವಾಪಸು ಬರುವ ಹೋಸನ್ನು ಒಂದು ಬಾಟಲಿಗೆ ಬಿಟ್ಟು, ಡಬ್ಬಿಯಲ್ಲಿನ ಆ ಬಾಯಿ ಮುಚ್ಚಿ, ಹೊಸ ಆಯಿಲ್ ಹಾಕುತ್ತಾ ಸ್ಟೇರಿಂಗ್ ತಿರುಗಿಸಿ ಒಳಗಿರುವುದನ್ನೆಲ್ಲ ಹೊರಹಾಕಬೇಕು. ಈ ಕೆಲಸಕ್ಕೆ ಎಂಜಿನ್ ಸ್ಟಾರ್ಟ್ ಮಾಡಬೇಕಿಲ್ಲ, ಚಕ್ರಗಳು ಸ್ಟ್ಯಾಂಡ್ ಮೇಲಿದ್ದರೆ ಸಾಕು. ಬೆಲ್ಟನ್ನು ಮೊದಲಿದ್ದ ದಾರಿಯಲ್ಲೇ ಹಾಕಿ ಬಿಗಿ ಮಾಡಬೇಕು. ಅತಿ ಬಿಗಿಯೂ ಒಳ್ಳೆಯದಲ್ಲ, ಬೇರಿಂಗ್ ಬೇಗ ಸವೆಯುತ್ತದೆ.

ಗಾಳಿ ತೆಗೆಯುವ ಹಂತ

ಮನೆಯಲ್ಲಿ ಮಾಡಿದ ಹೆಚ್ಚಿನ ಕೆಲಸಗಳು ಕೆಡುವುದು ಇಲ್ಲಿ. ಪಂಪ್ ಕೂರಿಸಿದ ಸಂತೋಷದಲ್ಲಿ ಸೆಲ್ಫ್ ಹೊಡೆದುಬಿಟ್ಟರೆ ಪಂಪ್ ಒಣಗಿಕೊಂಡೇ ತಿರುಗುತ್ತದೆ, ಹೊಸದರ ಆಯುಷ್ಯ ಆ ಕ್ಷಣದಲ್ಲೇ ಕಡಿಮೆಯಾಗುತ್ತದೆ.

ಮುಂದಿನ ಚಕ್ರಗಳು ಸ್ಟ್ಯಾಂಡ್ ಮೇಲಿರಲಿ, ಎಂಜಿನ್ ಆಫ್ ಇರಲಿ, ಕೀಲಿ ಮಾತ್ರ ಸ್ಟೇರಿಂಗ್ ಲಾಕ್ ಬಿಡುವಷ್ಟು ತಿರುಗಿರಲಿ. ಡಬ್ಬಿ ತುಂಬಿಸಿ, ಒಬ್ಬರು ಸ್ಟೇರಿಂಗನ್ನು ನಿಧಾನವಾಗಿ ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸುತ್ತಾ ಇರಬೇಕು, ಇನ್ನೊಬ್ಬರು ಡಬ್ಬಿಯ ಹತ್ತಿರ ನಿಂತು ಮಟ್ಟ ಇಳಿದಂತೆಲ್ಲ ಆಯಿಲ್ ಹಾಕುತ್ತಿರಬೇಕು. ಮನೆಯ ಮಕ್ಕಳಿಗೆ ಖುಷಿಯಿಂದ ಒಪ್ಪಿಸಬಹುದಾದ ಕೆಲಸ ಇದು. ಹದಿನೈದು ಇಪ್ಪತ್ತು ಸಲವಾದರೂ ಆಗಬೇಕು. ಗುಳ್ಳೆ ಬರುವುದು ನಿಂತು ಮಟ್ಟ ಇಳಿಯುವುದು ನಿಂತ ಮೇಲೆ ಬ್ಯಾಟರಿ ವಯರ್ ಜೋಡಿಸಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಮತ್ತೆ ಹಾಗೆಯೇ ತಿರುಗಿಸಿ. ಯಾವ ಬದಿಯ ಕೊನೆಯಲ್ಲೂ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು, ಆಯಿಲ್ ವಿಪರೀತ ಕಾಯುತ್ತದೆ. ಡಬ್ಬಿಯಲ್ಲಿ ನೊರೆ ಕಂಡರೆ ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಬಿಟ್ಟು ಮತ್ತೆ ಮೊದಲಿನಿಂದ ಮಾಡಬೇಕು. ಆತುರಪಟ್ಟು ‘ಓಡಿಸಿದರೆ ತಾನೇ ಸರಿಹೋಗುತ್ತದೆ’ ಎನ್ನುವವರ ಮಾತು ಕೇಳಬೇಡಿ.

ಹಳೆಯ ಆಯಿಲನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿನವರಿಗೆ ಕೊಡಿ. ಅವರು ಸುಟ್ಟ ಎಂಜಿನ್ ಆಯಿಲ್ ಜೊತೆ ಡ್ರಮ್ಮಿಗೆ ಹಾಕಿಕೊಳ್ಳುತ್ತಾರೆ.

ಇಷ್ಟಾದ ಮೇಲೆ ನೇರವಾಗಿ ಘಾಟಿಗೆ ಹೊರಡಬಾರದು. ಮೊದಲ ದಿನ ಊರಿನ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬನ್ನಿ. ರಾತ್ರಿ ಗಾಡಿಯ ಕೆಳಗೆ ಹಳೆಯ ದಿನಪತ್ರಿಕೆಯೊಂದನ್ನು ಹಾಸಿಟ್ಟು, ಬೆಳಿಗ್ಗೆ ಅದರ ಮೇಲೆ ಹನಿ ಬಿದ್ದಿದೆಯೇ ನೋಡಿ, ಡಬ್ಬಿಯ ಮಟ್ಟವನ್ನೂ ನೋಡಿ. ಕಾಗದ ಒಣಗಿಯೇ ಇದ್ದು, ಮಟ್ಟ ಇಳಿಯದೆ, ಸದ್ದೂ ಇಲ್ಲವೆಂದಾದರೆ ಮೂಟೆ ಹೇರಬಹುದು.