ಶಿಫ್ಟ್ ಒತ್ತಿ ಡಿಲೀಟ್ ಹೊಡೆದ ಮೇಲೆ: ಲಕ್ಷ್ಮೇಶ್ವರದ ಮಾವನ ಫೋಲ್ಡರ್ ಎಲ್ಲಿ ಹೋಯ್ತು?

ಇವತ್ತಿನ ಸಂಚಿಕೆ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಕಂಪ್ಯೂಟರ್ ಬಗ್ಗೆ ವಾರಾವಾರ ಮಾತಾಡೋ ಮನುಷ್ಯ ನಾನು. ನಾನೇ ನಮ್ಮ ಸೋದರಮಾವನ ಹನ್ನೊಂದು ವರ್ಷದ ಕೆಲಸವನ್ನ ಒಂದು ಮಧ್ಯಾಹ್ನದಲ್ಲಿ ಅಳಿಸಿ ಹಾಕಿದೆ.

ಮಾವ ಲಕ್ಷ್ಮೇಶ್ವರದಲ್ಲಿ ಇರ್ತಾರೆ, ನಿವೃತ್ತ ಕನ್ನಡ ಮಾಸ್ತರು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹಳ್ಳಿಗಳಿಗೆ ಹೋಗಿ ಮುದುಕಿಯರ ಹತ್ತಿರ ಕೂತು ಬೀಸುವ ಪದ, ಸೋಬಾನ ಪದ, ಒಗಟು ಬರಕೊಂಡು ಬರ್ತಿದ್ದರು. ಮನೆಗೆ ಬಂದು ನುಡಿಯಲ್ಲಿ ಟೈಪ್ ಮಾಡೋದು. ಬರೆದ ನೋಟ್‌ಬುಕ್ಕುಗಳು ಒಂದು ಮಳೆಗಾಲದಲ್ಲಿ ಗೆದ್ದಲು ಹತ್ತಿ ಹೋದವು. ಉಳಿದದ್ದು ಕಂಪ್ಯೂಟರಿನಲ್ಲಿ ಇದ್ದ 312 ಫೈಲು ಮಾತ್ರ.

ನಾನು ಹೋಗಿದ್ದು ತಂಗಿಯ ಮದುವೆ ಫೋಟೋ ಹಾಕಿಕೊಡೋಕೆ. ಡಿ ಡ್ರೈವ್ ತುಂಬಿ ಕೆಂಪಗಾಗಿತ್ತು. ‘ನ್ಯೂ ಫೋಲ್ಡರ್’ ಅನ್ನೋ ಹೆಸರಿನವು ನಾಕೈದು ಇದ್ದವು. ಒಂದರಲ್ಲಿ ಹಳೆ ಸಿನಿಮಾ, ಒಂದರಲ್ಲಿ ಪ್ರಿಂಟರಿನ ಸೆಟಪ್ಪು. ಮತ್ತೊಂದರ ಫೈಲು ತೆಗೆದು ನೋಡಿದೆ, ಬರೀ ಕಸ: ಇಂಗ್ಲಿಷಿನ ಪಿ ಅಕ್ಷರ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ. ಕೆಟ್ಟ ಫೈಲು ಇವು ಅಂದುಕೊಂಡೆ. ಎಲ್ಲಾ ಒಟ್ಟಿಗೆ ಸೆಲೆಕ್ಟ್ ಮಾಡಿ, ರೀಸೈಕಲ್ ಬಿನ್ನಿನಲ್ಲೂ ಜಾಗ ಹಿಡಿಯೋದು ಬೇಡ ಅಂತ ಶಿಫ್ಟ್ ಒತ್ತಿ ಡಿಲೀಟ್ ಹೊಡೆದೆ. ಖಾಲಿಯಾದ ಜಾಗಕ್ಕೆ ಮದುವೆ ಫೋಟೋ ಸುರಿದೆ. ಚಹಾ ಕುಡಿದು ಗದಗಿನ ಬಸ್ ಹತ್ತಿದೆ.

ರಾತ್ರಿ ಫೋನು. “ತಮ್ಮಾ, ಪದಗೋಳ ಫೋಲ್ಡರ್ ಕಾಣವಲ್ದಲ್ಲೋ. ಮೊನ್ನೆ ವಿಂಡೋಸ್ ಹೊಸಾದು ಹಾಕ್ಯಾರ, ನುಡಿ ಹೋಗೇತಿ. ನೀ ಬಂದಾಗ ಹಾಕಿಸೂಣು ಅಂತಿದ್ದೆ, ಮಾತಿನಾಗ ಮರತೆ.”

ಕಸ ಅಂದುಕೊಂಡದ್ದು ಕನ್ನಡವೇ ಆಗಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ಇರಲಿ, ಬರಹ ಇರಲಿ, ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಕೂರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಅವಕ್ಕೆ ಕನ್ನಡದ ರೂಪ ಕೊಡೋದು ಫಾಂಟು. ಫಾಂಟ್ ಇಲ್ಲ ಅಂದ್ರೆ ಮುಖವಾಡ ಕಳಚಿದ ಹಾಗೆ. ಮುದ್ರಣ ಕಾಶಿ ಅಂತ ಹೆಸರಾದ ಗದಗಿನಲ್ಲಿ ಬೆಳೆದವನು ನಾನು, ಡಿಟಿಪಿ ಅಂಗಡಿಗಳಲ್ಲಿ ಈ ಕಸವನ್ನ ನೂರು ಸಲ ಕಂಡವನು. ಆದರೂ ಆ ದಿನ ಹೊಳೀಲಿಲ್ಲ. ನಿಮ್ಮ ಮನೆಯಲ್ಲೂ ಇಂಥಾ ಫೈಲು ಕಂಡ್ರೆ ದಯವಿಟ್ಟು ಮೊದಲು ನುಡಿ ಫಾಂಟ್ ಹಾಕಿ ನೋಡ್ರಿ, ಆಮೇಲೆ ತೀರ್ಮಾನ ಮಾಡ್ರಿ.

ಮಾವನಿಗೆ ಫೋನಿನಲ್ಲಿ ನಾನು ಹೇಳಿದ್ದು ಒಂದೇ ಮಾತು: “ಕಂಪ್ಯೂಟರ್ ಬಂದ್ ಮಾಡ್ರಿ. ನಾ ಬರೂತನಕ ಯಾರೂ ಹಚ್ಚಬ್ಯಾಡ್ರಿ.”

ಯಾಕೆ ಅಂತ ಹೇಳ್ತೀನಿ. ಫೈಲು ಡಿಲೀಟ್ ಮಾಡಿದಾಗ ಡಿಸ್ಕಿನ ಮೇಲಿನ ಅಕ್ಷರಗಳನ್ನ ಕಂಪ್ಯೂಟರ್ ಕೂತು ಒರೆಸೋದಿಲ್ಲ. ಅಷ್ಟು ಪುರುಸೊತ್ತು ಅದಕ್ಕಿಲ್ಲ. ಪ್ರತಿ ಡ್ರೈವಿನಲ್ಲೂ ಒಂದು ಖಾತೆ ಪುಸ್ತಕ ಇರ್ತದೆ: ಯಾವ ಫೈಲು, ಎಲ್ಲಿಂದ ಎಲ್ಲಿವರೆಗೆ. ಡಿಲೀಟ್ ಅಂದ್ರೆ ಆ ಪುಸ್ತಕದಲ್ಲಿ ‘ಈ ಜಾಗ ಖಾಲಿ, ಬೇಕಾದವರು ಬರೀಬಹುದು’ ಅಂತ ಒಂದು ಗುರುತು ಹಾಕೋದು, ಅಷ್ಟೇ. ಹೊಲದ ಪಹಣಿಯಲ್ಲಿ ಹೆಸರು ಹೊಡೆದ ಹಾಗೆ. ಹೊಲ ಅಲ್ಲೇ ಇರ್ತದೆ, ಬೆಳೆನೂ ನಿಂತಿರ್ತದೆ. ಬೇರೆಯವರು ಬಂದು ನೇಗಿಲು ಹೂಡುವವರೆಗೆ. ಹಳೆಯ ಪೆನ್‌ಡ್ರೈವುಗಳ ಫ್ಯಾಟ್ ಪದ್ಧತಿಯಲ್ಲಂತೂ ಈ ಗುರುತು ಬೀಳೋದು ಫೈಲಿನ ಹೆಸರಿನ ಮೊದಲ ಅಕ್ಷರದ ಮೇಲೆಯೇ. ಅದಕ್ಕೇ ಮರಳಿ ತೆಗೆದಾಗ ಕೆಲವು ಸಲ ಹೆಸರಿನ ಮೊದಲ ಅಕ್ಷರ ಮಾಯವಾಗಿರ್ತದೆ.

ಹಾಗಾಗಿ ಅಳಿಸೋದಕ್ಕಿಂತ ದೊಡ್ಡ ಶತ್ರು ಅಳಿಸಿದ ಮೇಲೆ ಬರೆಯೋದು. ಗಾಬರಿಯಲ್ಲಿ ಜನ ಮಾಡೋದು ಅದನ್ನೇ. ಇಂಟರ್ನೆಟ್ಟಿನಿಂದ ರಿಕವರಿ ಸಾಫ್ಟ್‌ವೇರ್ ಇಳಿಸಿ, ಅದೇ ಡ್ರೈವಿನಲ್ಲಿ ಇನ್‌ಸ್ಟಾಲ್ ಮಾಡಿ, ಸಿಕ್ಕ ಫೈಲನ್ನ ಮತ್ತೆ ಅದೇ ಡ್ರೈವಿಗೆ ಸೇವ್ ಮಾಡ್ತಾರೆ. ಹುಡುಕೋಕೆ ಹೋದವರೇ ತುಳಿದು ಹಾಕಿದಂಗೆ. ಸಿ ಡ್ರೈವ್ ಆದ್ರೆ ಇನ್ನೂ ಕಷ್ಟ. ನೀವು ಸುಮ್ಮನೆ ಕೂತಿದ್ರೂ ವಿಂಡೋಸ್ ತನ್ನ ಪಾಡಿಗೆ ಅಲ್ಲಿ ಏನಾದರೂ ಬರೀತಾನೇ ಇರ್ತದೆ.

ಮರುದಿನ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಗದಗಿಗೆ ತಂದೆ. ಯುಎಸ್‌ಬಿ ಕೇಬಲ್ಲಿನಿಂದ ನನ್ನ ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಜೋಡಿಸಿದೆ. ಮೊದಲು ಇಡೀ ಡಿಸ್ಕಿನ ಪಡಿಯಚ್ಚು, ಅಂದ್ರೆ ಇಮೇಜ್, ಬೇರೆ ಡಿಸ್ಕಿಗೆ ತೆಗೆದೆ. ಇನ್ನು ಮುಂದಿನ ಪ್ರಯೋಗವೆಲ್ಲ ಆ ಪಡಿಯಚ್ಚಿನ ಮೇಲೆ. ಆಮೇಲೆ ರೆಕುವಾ ಓಡಿಸಿದೆ. ಅದು ಖಾತೆ ಪುಸ್ತಕದಲ್ಲಿ ಉಳಿದ ಹಳೆ ನಮೂದುಗಳನ್ನ ಓದ್ತದೆ. 140 ಫೈಲು ಹೆಸರಿನ ಸಮೇತ ಬಂದವು.

ಉಳಿದವಕ್ಕೆ ಫೋಟೋರೆಕ್. ಉಚಿತ. ಹೆಸರಿನಲ್ಲಿ ಫೋಟೋ ಇದ್ದರೂ ವರ್ಡ್ ಫೈಲು, ಪಿಡಿಎಫ್ಫು ಎಲ್ಲಾ ಹುಡುಕ್ತದೆ. ಖಾತೆ ಪುಸ್ತಕದ ಗೊಡವೆಗೇ ಹೋಗೋದಿಲ್ಲ. ಪ್ರತಿ ಬಗೆಯ ಫೈಲಿಗೂ ಶುರುವಿನಲ್ಲಿ ಒಂದು ಗುರುತಿನ ಸಾಲು ಇರ್ತದೆ, ಡಿಸ್ಕನ್ನ ಉದ್ದಕ್ಕೂ ಓದ್ತಾ ಅದು ಕಂಡಲ್ಲೆಲ್ಲ ಫೈಲನ್ನ ಕತ್ತರಿಸಿ ಎತ್ತಿಡ್ತದೆ. ಹೆಸರು ಮಾತ್ರ ಸಿಗೋದಿಲ್ಲ. ಎಫ್ ಅಕ್ಷರದ ಮುಂದೆ ಒಂದು ಉದ್ದ ಸಂಖ್ಯೆ, ಅಷ್ಟೇ. ಫೈಲು ತುಂಡು ತುಂಡಾಗಿ ಬೇರೆ ಬೇರೆ ಕಡೆ ಕೂತಿದ್ರೆ ಅರ್ಧಂಬರ್ಧ ಬರ್ತದೆ. ನಮ್ಮ ಪುಣ್ಯಕ್ಕೆ ಮಾವನ ಫೈಲುಗಳು ಸಣ್ಣವು, ಹೆಚ್ಚಿನವು ಒಂದೇ ಕಡೆ ಇದ್ದವು. ಇನ್ನೂ 97 ಸಿಕ್ಕವು.

ಸಾವಿರಾರು ಹೆಸರಿಲ್ಲದ ವರ್ಡ್ ಫೈಲುಗಳ ನಡುವೆ ಈ 97 ಯಾವವು ಅಂತ ಕಂಡುಹಿಡಿಯೋದೇ ಎರಡು ರಾತ್ರಿಯ ಕೆಲಸ. ವಿಂಡೋಸಿನ ಸರ್ಚಿನಲ್ಲಿ ‘ಬೀಸುಕಲ್ಲು’ ಅಂತ ಯೂನಿಕೋಡಿನಲ್ಲಿ ಹೊಡೆದ್ರೆ ಒಂದೂ ಸಿಗೋದಿಲ್ಲ, ಯಾಕಂದ್ರೆ ಒಳಗಿರೋದು ಆ ಕಸ. ಕೊನೆಗೆ ನುಡಿ ಚಾಲೂ ಮಾಡಿ, ಸರ್ಚಿನಲ್ಲೇ ನುಡಿಯಿಂದ ಟೈಪ್ ಮಾಡಿದೆ. ಪರದೆ ಮೇಲೆ ಕಸವೇ ಮೂಡಿತು. ಕಸದಿಂದ ಕಸ ಸಿಕ್ಕಿತು.

ಇದೆಲ್ಲ ಆದದ್ದು ಹಳೆ ತಿರುಗೋ ಹಾರ್ಡ್ ಡಿಸ್ಕ್ ಇದ್ದದ್ದಕ್ಕೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ಇರ್ತದೆ. ಅಲ್ಲಿ ಟ್ರಿಮ್ ಅಂತ ಒಂದು ಏರ್ಪಾಡು, 2009ರ ವಿಂಡೋಸ್ 7ರಿಂದಲೇ ಇದೆ. ಫೈಲು ಡಿಲೀಟ್ ಆದ ಕೂಡಲೇ ‘ಈ ಜಾಗ ಇನ್ನು ಬೇಡ’ ಅಂತ ವಿಂಡೋಸ್ ಡಿಸ್ಕಿಗೆ ತಿಳಿಸ್ತದೆ, ಡಿಸ್ಕ್ ತಾನೇ ಬಿಡುವು ನೋಡಿ ಅದನ್ನ ಒರೆಸಿಬಿಡ್ತದೆ. ಅಂಥಲ್ಲಿ ರೀಸೈಕಲ್ ಬಿನ್ ದಾಟಿದ ಫೈಲು ಸಿಗೋದು ಬಲು ಅಪರೂಪ. ‘ನೂರಕ್ಕೆ ನೂರು ರಿಕವರಿ’ ಅನ್ನೋ ಬೋರ್ಡು ನಂಬಿ ದುಡ್ಡು ಕೊಡಬ್ಯಾಡ್ರಿ. ಇನ್ನು ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರ್ತಿದ್ರೆ ಮನೆ ವೈದ್ಯ ಬೇಡವೇ ಬೇಡ, ಕರೆಂಟ್ ತೆಗೆದು ತಿಳಿದವರ ಕೈಗೆ ಕೊಡ್ರಿ.

ಮೇಲ್ ವಿಷಯಕ್ಕೆ ಬರೋಣ. ಇದರ ಲೆಕ್ಕವೇ ಬೇರೆ, ಯಾಕಂದ್ರೆ ಮೇಲ್ ಇರೋದು ನಿಮ್ಮ ಮನೆಯಲ್ಲಲ್ಲ. ಜಿಮೇಲಿನಲ್ಲಿ ಅಳಿಸಿದ್ದು ಟ್ರ್ಯಾಷಿನಲ್ಲಿ 30 ದಿನ ಇರ್ತದೆ, ಆಮೇಲೆ ತಾನೇ ಹೋಗ್ತದೆ. ಇಲ್ಲಿ ಕಂಪ್ಯೂಟರ್ ಬಂದ್ ಮಾಡಿ ಕೂತ್ರೆ ಉಪಯೋಗ ಇಲ್ಲ, ಉಲ್ಟಾ ದಿನ ಕಳೀತದೆ.

ಮುಂಡರಗಿಯ ಗೆಳೆಯರೊಬ್ಬರ ಮನೆಯಲ್ಲಿ ಮಗಳ ಕಾಲೇಜು ಪ್ರವೇಶದ ಮೇಲ್ ಕಾಣೆಯಾಗಿತ್ತು. ಟ್ರ್ಯಾಷ್ ನೋಡಿದ್ರು, ಇಲ್ಲ. ಸ್ಪ್ಯಾಮ್ ನೋಡಿದ್ರು, ಇಲ್ಲ. ಮನೆಯಲ್ಲಿ ಊಟ ಬಿಟ್ಟು ಕೂತಿದ್ದರು. ಆಗಿದ್ದೇನು ಅಂದ್ರೆ, ಮೊಬೈಲಿನಲ್ಲಿ ಬೆರಳು ಪಕ್ಕಕ್ಕೆ ಸರಿದಿತ್ತು. ಹಾಗೆ ಸರಿಸಿದ್ರೆ ಜಿಮೇಲ್ ಅಳಿಸೋದಿಲ್ಲ, ಆರ್ಕೈವ್ ಮಾಡ್ತದೆ. ಇನ್‌ಬಾಕ್ಸಿನಿಂದ ಎತ್ತಿ ಅಟ್ಟದ ಮೇಲೆ ಇಟ್ಟ ಹಾಗೆ. ಆಲ್ ಮೇಲ್ ಅನ್ನೋ ಕಡೆ ನೋಡಿದ್ರೆ ಅಲ್ಲೇ ಇತ್ತು. ‘ಮೇಲ್ ಅಳಿಸಿಹೋಯ್ತು’ ಅಂತ ನನ್ನ ಹತ್ತಿರ ಬರೋ ದೂರುಗಳಲ್ಲಿ ಬಹಳಷ್ಟು ಇಂಥವೇ.

ಥಂಡರ್‌ಬರ್ಡ್‌ನಂಥ ಪ್ರೋಗ್ರಾಮಿಗೆ ಮೇಲ್ ಇಳಿಸಿಕೊಳ್ಳೋರು ಇನ್ನೂ ಇದ್ದಾರೆ, ಶಿರಹಟ್ಟಿಯ ವಕೀಲರೊಬ್ಬರು ಅಂಥವರು. ಅವರ ಕಕ್ಷಿದಾರನ ಕರಾರು ಪತ್ರದ ಮೇಲ್ ಟ್ರ್ಯಾಷಿನಿಂದಲೂ ಹೋಗಿತ್ತು, ಸರ್ವರಿನಲ್ಲೂ ಪ್ರತಿ ಇರಲಿಲ್ಲ. ಇಲ್ಲೂ ಮತ್ತೆ ಅದೇ ಖಾತೆ ಪುಸ್ತಕದ ಕತೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಒಂದೇ ಉದ್ದ ಫೈಲಿನಲ್ಲಿ ಸಾಲಾಗಿ ಇಡ್ತದೆ. ಅಳಿಸಿದ ಪತ್ರಕ್ಕೆ ಬರೀ ಗುರುತು ಹಾಕ್ತದೆ. ‘ಕಾಂಪ್ಯಾಕ್ಟ್’ ಮಾಡಿದಾಗಲಷ್ಟೇ ಅದು ನಿಜವಾಗಿ ಹೋಗ್ತದೆ. ಪ್ರೋಗ್ರಾಂ ಮುಚ್ಚಿ, ಪ್ರೊಫೈಲ್ ಫೋಲ್ಡರಿನ ನಕಲು ತೆಗೆದುಕೊಂಡು, ಆ ನಕಲನ್ನ ಸಾದಾ ಎಡಿಟರಿನಲ್ಲಿ ತೆರೆದ್ವಿ. ಪತ್ರ ಅಲ್ಲೇ ಮಲಗಿತ್ತು. ಕನ್ನಡದ ಪತ್ರ ಮತ್ತು ಲಗತ್ತುಗಳು ಹಾಗೆ ನೋಡಿದ್ರೆ ಸಂಕೇತ ಭಾಷೆಯ ಹಾಗೆ ಕಾಣ್ತವೆ, ಹೆದರಬ್ಯಾಡ್ರಿ. ಕಳಿಸಿದವರ ಹೆಸರು, ತಾರೀಖು ಹಿಡಿದು ಹುಡುಕಬೇಕು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2011ರ ಫೆಬ್ರುವರಿ ಕೊನೆಗೆ ಒಂದು ಸಾಫ್ಟ್‌ವೇರ್ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇ. 0.02ರಷ್ಟು ಜನರ ಪೆಟ್ಟಿಗೆ ಖಾಲಿಯಾಗಿತ್ತು. ಗೂಗಲ್ ಇಟ್ಟಿದ್ದ ಹಲವು ಪ್ರತಿಗಳಿಗೂ ಆ ದೋಷ ತಟ್ಟಿತ್ತು. ವಾಪಸ್ ತಂದದ್ದು ಎಲ್ಲಿಂದ ಗೊತ್ತೇನ್ರಿ? ಟೇಪಿನಿಂದ. ಕಂಪ್ಯೂಟರಿಗೆ ಜೋಡಿಸದೆ ಪಕ್ಕಕ್ಕೆ ಎತ್ತಿಟ್ಟಿದ್ದ ಟೇಪು.

ಮಾವನ ಲೆಕ್ಕ ಹೇಳಿಬಿಡ್ತೀನಿ. 312ರಲ್ಲಿ 237 ಬಂದವು, ಅದರಲ್ಲಿ ಮೂವತ್ತರಷ್ಟು ನಡುವೆ ಹರಿದಂಥವು. 75 ಹೋದವು. ಆ 75 ಪದಗಳು ಇದ್ದ ಜಾಗದ ಮೇಲೆ ಈಗ ನನ್ನ ತಂಗಿಯ ಮದುವೆಯ ಫೋಟೋಗಳು ಕೂತಿವೆ. ಇಡೀ ಫೋಲ್ಡರಿನ ತೂಕ ಇಪ್ಪತ್ತು ಎಂಬಿ ದಾಟ್ತಿರಲಿಲ್ಲ. ಜಾಗ ಮಾಡೋಕೆ ಅದನ್ನ ಮುಟ್ಟೋ ಕಾರಣವೇ ಇರಲಿಲ್ಲ.

ಮಾವ ಬೈಯಲಿಲ್ಲ. ಕಳೆದುಹೋದವುಗಳ ಪಟ್ಟಿ ನೆನಪಿನಿಂದ ಬರೆದ್ರು, ಪದ ಹೇಳಿದವರ ಹೆಸರಿನ ಎದುರು ಊರು. ಬಹಳ ಹೆಸರುಗಳ ಮುಂದೆ ‘ತೀರಿಕೊಂಡರು’ ಅಂತ ಬರೆಯಬೇಕಾಯ್ತು. ನಾಲ್ಕು ಜನ ಇದ್ದಾರೆ. ಹೋದ ಭಾನುವಾರ ಅವರಲ್ಲಿ ಒಬ್ಬರ ಮನೆಗೆ ಹೋಗಿದ್ವಿ, ಶಿರಹಟ್ಟಿಯ ಆಚೆ. ಅಜ್ಜಿಗೆ ಈಗ ಕಿವಿ ಮಂದ. ಮಾವ ಮೊದಲ ಸಾಲು ಜೋರಾಗಿ ಹೇಳಿಕೊಟ್ರೆ ಮುಂದಿನದನ್ನ ಅವರೇ ಹಿಡೀತಿದ್ರು. ಒಂಬತ್ತು ಪದ ಸಿಕ್ಕವು. ಈ ಸಲ ದನಿಯನ್ನೂ ರೆಕಾರ್ಡ್ ಮಾಡಿದ್ವಿ. ಒಂದು ಪ್ರತಿ ಮಾವನ ಕಂಪ್ಯೂಟರಿನಲ್ಲಿ, ಒಂದು ಗೂಗಲ್ ಡ್ರೈವಿನಲ್ಲಿ, ಒಂದು ನಮ್ಮನೆ ಟ್ರೆಜರಿಯಲ್ಲಿ ಇಟ್ಟ ಪೆನ್‌ಡ್ರೈವಿನಲ್ಲಿ. ಉಳಿದ ಮೂವರ ಮನೆಗೆ ದಸರೆಯೊಳಗೆ ಹೋಗಿಬರಬೇಕು.