ತಂತಿಯ ಗಾತ್ರ ಮತ್ತು ನಿಷ್ಪನ್ನ: ಶಿವನಸಮುದ್ರದ ನಿದರ್ಶನ

ಕೊಳ್ಳೇಗಾಲ, ಮಳವಳ್ಳಿ ಸೀಮೆಗಳ ನಡುವೆ ಕಾವೇರಿ ಧುಮುಕುವ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದೂರ ಸುಮಾರು 147 ಕಿಲೋಮೀಟರು. ಇಂತಹ ಮಾರ್ಗಕ್ಕೆ ತಂತಿ ಎಷ್ಟು ದಪ್ಪವಿರಬೇಕೆಂಬುದು ಕಲನಶಾಸ್ತ್ರದ ಪ್ರಶ್ನೆಯೂ ಹೌದು.

ತಂತಿ ದಪ್ಪವಾದಷ್ಟೂ ಲೋಹದ ವೆಚ್ಚ ಏರುತ್ತದೆ; ತೆಳುವಾದಷ್ಟೂ ರೋಧ ಹೆಚ್ಚಿ ವಿದ್ಯುತ್ತು ಶಾಖವಾಗಿ ನಷ್ಟವಾಗುತ್ತದೆ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ‘ಕ್ಷ’ ಎಂದಿಟ್ಟುಕೊಂಡರೆ, ನಿಗದಿತ ವಿದ್ಯುತ್ಪ್ರವಾಹಕ್ಕೆ ತಗಲುವ ವಾರ್ಷಿಕ ವೆಚ್ಚ ಅ·ಕ್ಷ + ಬ/ಕ್ಷ. ಮೊದಲ ಪದ ಲೋಹದ್ದು, ಎರಡನೆಯದು ನಷ್ಟದ್ದು. ಇದರ ನಿಷ್ಪನ್ನ ಅ − ಬ/ಕ್ಷ². ಅದು ಸೊನ್ನೆಯಾಗುವಲ್ಲಿ ಒಂದರ ಏರಿಕೆಯ ದರವೂ ಇನ್ನೊಂದರ ಇಳಿಕೆಯ ದರವೂ ಸರಿಸಮವಾಗುತ್ತವೆ. ಎರಡನೆಯ ನಿಷ್ಪನ್ನ 2ಬ/ಕ್ಷ³ ಧನಾತ್ಮಕವಾದುದರಿಂದ ಅದು ಕನಿಷ್ಠ ಬಿಂದುವೇ ಸರಿ. ಅಲ್ಲಿ ಎರಡು ವೆಚ್ಚಗಳೂ ಸಮ. ಮುಂದೆ ಕೆಲ್ವಿನ್ ಪ್ರಭು ಎನಿಸಿದ ವಿಲಿಯಂ ಥಾಮ್ಸನ್ 1881ರಲ್ಲಿ ಪ್ರತಿಪಾದಿಸಿದ ನಿಯಮವಿದು.

ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಕನಿಷ್ಠ ಬಿಂದುವಿನ ಆಸುಪಾಸಿನಲ್ಲಿ ವಕ್ರರೇಖೆ ಬಹುತೇಕ ಸಮತಟ್ಟಾಗಿರುತ್ತದೆಂಬುದು ಹೆಚ್ಚು ಉಪಯುಕ್ತವಾದ ಸಂಗತಿ. ವಿಸ್ತೀರ್ಣ ಶೇ. 20ರಷ್ಟು ಹೆಚ್ಚಿದರೂ ಒಟ್ಟು ವೆಚ್ಚ ಏರುವುದು ಶೇ. 2ಕ್ಕಿಂತ ಕಡಿಮೆ. ಆದುದರಿಂದ ಮಾರುಕಟ್ಟೆಯಲ್ಲಿ ದೊರೆಯುವ ಗಾತ್ರಗಳಲ್ಲೇ ಒಂದನ್ನು ಆರಿಸಿಕೊಳ್ಳಬಹುದು. ಗಾಳಿಯ ಹೊಡೆತ, ವೋಲ್ಟೇಜಿನ ಇಳಿತ ಈ ಸಮೀಕರಣದಲ್ಲಿಲ್ಲ. ಅವು ಇನ್ನೂ ದಪ್ಪ ತಂತಿಯನ್ನು ಬೇಡಿದರೆ ಆ ಗಾತ್ರವೇ ಅಂತಿಮ, ಅಲ್ಲಿ ನಿಷ್ಪನ್ನ ಸೊನ್ನೆಯಾಗಿರುವುದಿಲ್ಲ.